ತೊಡೆಯ ಮೇಲಿನ ಪ್ರಯಾಣಿಕರು

ನೆಲಮಂಗಲ ಟೋಲ್

ಕಾರು ಓಡುತ್ತಿದ್ದರೆ ಮಗು ಮಲಗುತ್ತದೆ, ನಿಂತರೆ ಏಳುತ್ತದೆ. ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ನನಗೆ ಇದು ಬಗೆಹರಿಯದೆ ಬಹಳ ಕಾಲ ಕಾಡಿತ್ತು. ಹಾರ್ನು, ಲಾರಿಗಳ ಸದ್ದು, ಕುಲುಕಾಟ ಎಲ್ಲ ಇರುವಾಗ ಮಲಗುವ ಜೀವ, ಎಲ್ಲ ತಣ್ಣಗಾದಾಗ ಕಣ್ಣು ಬಿಡುವುದೇಕೆ? ತಂಗಿಯ ಎಂಟು ತಿಂಗಳ ಮಗಳನ್ನೇ ನೋಡುತ್ತ ಕೂತರೆ ಗೊತ್ತಾಗುತ್ತದೆ: ಕಾರಿನ ವೇಗ ಇಳಿಯತೊಡಗಿದಾಗಲೇ ಅವಳ ರೆಪ್ಪೆ ಅಲುಗುತ್ತದೆ. ಮುಂದಿನ ಲಾರಿ ಹೋಗಿ ನಮ್ಮ ಸರದಿ ಬರುವಷ್ಟರಲ್ಲಿ ತುಟಿ ಸೊಟ್ಟಗಾಗಿರುತ್ತದೆ. ಗೇಟು ಮೇಲೆದ್ದು ಕಾರು ಹೊರಟಿತೋ, ಬರಬೇಕಾಗಿದ್ದ ಅಳು ಗಂಟಲಲ್ಲೇ ಉಳಿದು, ಮತ್ತೆ ನಿದ್ದೆ.

ಆಗ ಜಪಾನಿನ ರಿಕೆನ್ ಸಂಸ್ಥೆಯಲ್ಲಿದ್ದ ಕುಮಿ ಕುರೋಡಾ ಮತ್ತು ಅವರ ಸಂಗಡಿಗರು ಇದನ್ನು ಅಳೆದು ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ತಾಯಿ ಕೂಸನ್ನು ಎತ್ತಿಕೊಂಡು ನಡೆಯತೊಡಗಿದ ಕೆಲವೇ ಕ್ಷಣಗಳಲ್ಲಿ ಅದರ ಎದೆಬಡಿತ ಇಳಿಯುತ್ತದೆ, ಕೈಕಾಲು ಬಡಿಯುವುದು ನಿಲ್ಲುತ್ತದೆ, ಅಳು ತಗ್ಗುತ್ತದೆ. ಎತ್ತಿಕೊಂಡು ಸುಮ್ಮನೆ ಕೂತರೆ ಅಷ್ಟು ಫಲವಿಲ್ಲ. ಇಲಿಮರಿಗಳನ್ನು ಕತ್ತಿನ ಬಳಿ ಹಿಡಿದೆತ್ತಿದಾಗಲೂ ಹೀಗೇ ಆಗುತ್ತದಂತೆ. ಅಪಾಯ ಕಂಡು ಓಡುವ ತಾಯಿಯ ಹಿಡಿತದಲ್ಲಿ ಮರಿ ಒದ್ದಾಡಿದರೆ ಇಬ್ಬರಿಗೂ ಕುತ್ತು, ಸುಮ್ಮನಿದ್ದರೆ ಇಬ್ಬರೂ ಉಳಿದಾರು ಎಂಬುದು ಅವರ ವಿವರಣೆ. ಅದೇ ತಂಡ 2022ರಲ್ಲಿ ತಾಯಂದಿರಿಗೆ ಕೆಲಸಕ್ಕೆ ಬರುವ ಒಂದು ಕ್ರಮವನ್ನೂ ಹೇಳಿತು: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೇ ಕೂತಿದ್ದು, ಆಮೇಲೆ ಹಾಸಿಗೆಗೆ ಹಾಕಿ.

ಅಂದರೆ ಆ ಪುಟ್ಟ ಮೈಗೆ ಕಾರು ಎಂಬುದು ಗೊತ್ತಿಲ್ಲ. ಯಾರೋ ತನ್ನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ ಎಂಬುದಷ್ಟೇ ಗೊತ್ತು. ಟೋಲ್ ಬಂದಾಗ ಯಾರೋ ಕೆಳಗಿಳಿಸುತ್ತಿದ್ದಾರೆ ಎಂದು ತಿಳಿದು ಎಚ್ಚರಾಗುತ್ತದೆ ಎಂದುಕೊಂಡಿದ್ದೇನೆ.

ಯಡಿಯೂರು

ತಂಗಿಯ ದೊಡ್ಡ ಮಗನಿಗೆ ಐದು ವರ್ಷ. ಬೆಂಗಳೂರಿನಿಂದ ಹೊರಟು ಕುಣಿಗಲ್ ದಾಟುವ ಮೊದಲೇ ಶುರು: "ಮಾವ, ಅಜ್ಜಿ ಮನೆ ಬಂತಾ?" ಇನ್ನು ಐದು ಗಂಟೆ ಅಂದೆ. ತಲೆಯಾಡಿಸಿದ. ಎರಡು ನಿಮಿಷ ಕಳೆದು, "ಐದು ಗಂಟೆ ಆಯ್ತಾ?"

ಇದನ್ನು ಹಟ ಎಂದುಕೊಳ್ಳುವುದು ತಪ್ಪು. 1928ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಐನ್‌ಸ್ಟೈನ್ ಅವರು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಅವರಿಗೆ ಒಂದು ಪ್ರಶ್ನೆ ಹಾಕಿದ್ದರು: ಮಗುವಿಗೆ ಮೊದಲು ತಿಳಿಯುವುದು ಕಾಲವೋ, ವೇಗವೋ? ಪಿಯಾಜೆ ಅದರ ಬೆನ್ನು ಹತ್ತಿ, 1946ರಲ್ಲಿ ಕಾಲದ ಬಗ್ಗೆ ಒಂದು ಪುಸ್ತಕ, ವೇಗದ ಬಗ್ಗೆ ಇನ್ನೊಂದು ಪುಸ್ತಕ ತಂದರು. ಅವರ ಪ್ರಯೋಗಗಳಲ್ಲಿ ಒಂದು ಹೀಗೆ: ಎರಡು ಗೊಂಬೆಗಳು ಒಟ್ಟಿಗೇ ಹೊರಟು ಒಟ್ಟಿಗೇ ನಿಲ್ಲುತ್ತವೆ, ಆದರೆ ಒಂದರ ಓಟ ಜೋರು. ಜೋರಾಗಿ ಓಡಿ ಮುಂದೆ ನಿಂತ ಗೊಂಬೆಯೇ ಹೆಚ್ಚು ಹೊತ್ತು ಓಡಿತು ಎಂದು ಸಣ್ಣ ಮಕ್ಕಳು ಹೇಳುತ್ತಾರೆ. ಅವರಿಗೆ ದೂರವೂ ಹೊತ್ತೂ ಇನ್ನೂ ಬೇರೆಬೇರೆಯಾಗಿಲ್ಲ.

ಅದಕ್ಕೇ ಗಂಟೆಯ ಲೆಕ್ಕ ಬಿಟ್ಟು ಊರಿನ ಲೆಕ್ಕ ಕೊಟ್ಟೆ. ಈಗ ಯಡಿಯೂರು, ಆಮೇಲೆ ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಘಾಟಿ, ಅಜ್ಜಿ ಮನೆ. ಒಂದೊಂದು ಊರು ದಾಟಿದಾಗಲೂ ಒಂದೊಂದು ಬೆರಳು ಮಡಚಿದ. ಪ್ರಶ್ನೆ ನಿಂತಿತು ಎಂದಲ್ಲ, ಉತ್ತರವನ್ನು ಅವನೇ ಹೇಳಿಕೊಳ್ಳತೊಡಗಿದ. ನಮ್ಮ ಹಿರಿಯರು ಹಾದಿ ಹೇಳುತ್ತಿದ್ದುದೂ ಹೀಗೇ ಅಲ್ಲವೇ, ಹಳ್ಳ ದಾಟಿ ಗುಡಿ, ಗುಡಿ ದಾಟಿ ಆಲದಮರ ಅಂತ.

ಕೊಟ್ಟಿಗೆಹಾರ

ಚಾರ್ಮಾಡಿ ಘಾಟಿಯ ನೆತ್ತಿಯ ಈ ಊರು ನೀರುದೋಸೆಗೆ ಹೆಸರುವಾಸಿ. ಬೆಂಗಳೂರಿನಿಂದ ಬರುವವರೆಲ್ಲ ಇಲ್ಲಿ ಕಾರು ನಿಲ್ಲಿಸಿ, ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಿ, ನೇರ ತಿರುವುಗಳಿಗೆ ಇಳಿಯುತ್ತಾರೆ. ಮೂರನೆಯ ತಿರುವಿಗೋ ನಾಲ್ಕನೆಯದಕ್ಕೋ ಒಂದು ಕಾರು ರಸ್ತೆಬದಿಗೆ ನಿಂತಿರುತ್ತದೆ. ಅಮ್ಮ ಮಗುವಿನ ಹಣೆ ಹಿಡಿದುಕೊಂಡಿರುತ್ತಾಳೆ, ಅಪ್ಪ ನೀರಿನ ಬಾಟಲಿ ಹಿಡಿದು ನಿಂತಿರುತ್ತಾನೆ. ಅದನ್ನು ನೋಡಿ ನೋಡಿ, ನೀರುದೋಸೆ ಘಾಟಿ ಹತ್ತಿ ಬಂದ ಮೇಲೆ ತಿನ್ನುವುದು ಒಳ್ಳೆಯದು ಎಂದು ತೀರ್ಮಾನಿಸಿದ್ದೇನೆ. ಇಳಿಯುವ ಮೊದಲು ಮಕ್ಕಳಿಗೆ ಅರ್ಧ ದೋಸೆ ಸಾಕು.

ಪ್ರಯಾಣದ ವಾಂತಿಯ ವಿಷಯದಲ್ಲಿ ವಿಚಿತ್ರಗಳು ಬೇಕಾದಷ್ಟಿವೆ. ಎರಡು ವರ್ಷದೊಳಗಿನ ಕೂಸುಗಳಿಗೆ ಅದು ಬರುವುದು ಅಪರೂಪ. ಆರರಿಂದ ಹನ್ನೆರಡು ವರ್ಷದವರಿಗೇ ಹೆಚ್ಚು. ಕಾರು ಓಡಿಸುವವರಿಗೆ ಬರುವುದಿಲ್ಲ ಅಂದರೂ ನಡೆಯುತ್ತದೆ, ಏಕೆಂದರೆ ಮುಂದಿನ ತಿರುವು ಅವರ ಮೈಗೆ ಮೊದಲೇ ಗೊತ್ತು. ಒಳಗಿವಿ ಮೈ ತಿರುಗುತ್ತಿದೆ ಅನ್ನುತ್ತದೆ, ಮೊಬೈಲಿಗೆ ನೆಟ್ಟ ಕಣ್ಣು "ಇಲ್ಲ, ಸುಮ್ಮನೆ ಕೂತಿದ್ದೇನೆ" ಅನ್ನುತ್ತದೆ. ಎರಡು ಸಾಕ್ಷಿ ತಾಳೆಯಾಗದಿದ್ದರೆ ಹೊಟ್ಟೆ ಯಾಕೆ ತೊಳಸಬೇಕು? 1977ರಲ್ಲಿ ಮಿಷೆಲ್ ಟ್ರೀಸ್ಮನ್ ಎಂಬ ವಿಜ್ಞಾನಿ ಇದಕ್ಕೆ ಒಂದು ಊಹೆ ಮುಂದಿಟ್ಟರು: ವಿಷ ತಿಂದಾಗಲೂ ಕಣ್ಣು, ಕಿವಿ, ಮೈಯ ಸುದ್ದಿಗಳು ಹೀಗೇ ಹೊಂದದೆ ಹೋಗುತ್ತವೆ, ಹಾಗಾಗಿ ಮಿದುಳು ಹೊಟ್ಟೆಯಲ್ಲಿ ವಿಷವಿದೆ ಎಂದು ತಿಳಿದು ಹೊರಹಾಕಿಸುತ್ತದೆ. ಊಹೆಯೇ ಇರಬಹುದು, ಆದರೆ ಅದನ್ನು ಓದಿದ ಮೇಲೆ ವಾಂತಿ ಮಾಡಿಕೊಂಡ ಮಗುವಿನ ಮೇಲೆ ಯಾರಾದರೂ ರೇಗಿದರೆ ನನಗೆ ಸಹಿಸಲಾಗುವುದಿಲ್ಲ. ಅದರ ಮೈ ತನ್ನನ್ನು ತಾನು ಕಾಪಾಡಿಕೊಳ್ಳಲು ಹೊರಟಿತ್ತು.

ನಿಂಬೆಹಣ್ಣು ಮೂಸಲು ಕೊಡುವುದು ನಮ್ಮ ಮನೆಯ ಕ್ರಮ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮೊಬೈಲು ಕಸಿದುಕೊಂಡು, ದೂರದ ಗುಡ್ಡದ ಮೇಲೆ ಮೋಡ ಎಲ್ಲಿದೆ ಹೇಳು ಎಂದು ಕೇಳಿದ್ದು.

ಉಜಿರೆ

ಧರ್ಮಸ್ಥಳಕ್ಕೆ ಹೋಗುವ ಕಾರುಗಳನ್ನು ಇಲ್ಲಿ ರಸ್ತೆಬದಿ ನಿಂತು ನೋಡಬೇಕು. ಮುಂದಿನ ಸೀಟಿನಲ್ಲಿ ತಾಯಿ, ಅವಳ ತೊಡೆಯ ಮೇಲೆ ಕೂಸು, ತಾಯಿಗೆ ಬೆಲ್ಟು, ಕೂಸಿಗೆ ತಾಯಿಯ ಎರಡು ಕೈ. ಇಡೀ ಕಾರಿನಲ್ಲಿ ಅತ್ಯಂತ ಜತನದ ಜಾಗ ಯಾವುದು ಎಂದು ಕೇಳಿದರೆ ಎಲ್ಲರೂ ಆ ತೊಡೆಯನ್ನೇ ತೋರಿಸುತ್ತಾರೆ.

ಲೆಕ್ಕ ಬೇರೆಯೇ ಹೇಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾಗುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮೇಲಿನಿಂದ ಬಿದ್ದ ಹಾಗೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗದಲ್ಲಿ ಹೋಗುತ್ತಿದ್ದರೆ ಎತ್ತರ ಎರಡರಷ್ಟಲ್ಲ, ನಾಲ್ಕರಷ್ಟು: ಹತ್ತಿರ ಹತ್ತಿರ 40 ಮೀಟರ್. ಮೂರನೆಯ ಮಹಡಿಯಿಂದ ಬೀಳುವ ಹತ್ತು ಕಿಲೋ ಮಗುವನ್ನು ನೆಲದ ಹತ್ತಿರ ಹಿಡಿದು ನಿಲ್ಲಿಸುವ ಕೈ ಯಾವ ತಾಯಿಗೂ ಇಲ್ಲ. ಎಷ್ಟು ಪ್ರೀತಿಯಿದ್ದರೂ ಇಲ್ಲ. ಅದರ ಮೇಲೆ, ಮುಂದಿನ ಸೀಟಿನ ಏರ್‌ಬ್ಯಾಗು ದೊಡ್ಡವರ ಎದೆಗೆಂದು ಮಾಡಿದ್ದು. ತೊಡೆಯ ಕೂಸಿಗೆ ಅದು ಹೊಡೆತವೇ ಆಗುತ್ತದೆ.

ಕೂಸಿನ ಮೈಯ ಅಳತೆಯೂ ಇಲ್ಲಿ ಮುಖ್ಯ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗ, ನಮ್ಮದು ಏಳನೆಯ ಒಂದೋ ಎಂಟನೆಯ ಒಂದೋ ಭಾಗ. ಕತ್ತಿನ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖಮಾಡಿ ಕಟ್ಟಿದರೆ ಆ ಭಾರದ ತಲೆಯನ್ನು ಆ ಮೆದು ಕತ್ತು ತಡೆಯಬೇಕು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಅಮೆರಿಕದ ಜೆಮಿನಿ ಗಗನಯಾತ್ರಿಗಳು ಒರಗಿ ಕೂರುವ ಕ್ರಮ ನೋಡಿ, ಮಕ್ಕಳನ್ನು ಕಾರಿನಲ್ಲಿ ಹಿಂದಕ್ಕೆ ಮುಖಮಾಡಿ ಕೂರಿಸುವ ಸೀಟು ರೂಪಿಸಿದರು. ಹೊಡೆತ ಕತ್ತಿಗೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ರಾಕೆಟ್ಟಿನಲ್ಲಿ ಕೂರುವವರ ಉಪಾಯ ಕೂಸಿಗೂ ಒದಗಿಬಂತು.

ನಮ್ಮಲ್ಲಿ ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 194ಬಿ ಸೆಕ್ಷನ್ನಿನ ಪ್ರಕಾರ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕಾರು ಓಡಿಸಿದರೆ 1000 ರೂಪಾಯಿ ದಂಡ. ಅದರ ಸುದ್ದಿ ಈ ರಸ್ತೆಗೆ ಬಂದಂತಿಲ್ಲ. ಯಾಕೆ ಬಂದಿಲ್ಲ ಎಂಬುದು ನಮ್ಮ ಮನೆಯೊಳಗೇ ಕಾಣುತ್ತದೆ. ಸೀಟಿಗೆ ಸಾವಿರಾರು ರೂಪಾಯಿ. ಮಗು ಬೆಳೆದಂತೆ ಅದು ಚಿಕ್ಕದಾಗುತ್ತದೆ. ಬಾಡಿಗೆ ಕಾರುಗಳಲ್ಲಿ ಅದು ಇರುವುದಿಲ್ಲ. ಐದು ಜನರ ಕಾರಿನಲ್ಲಿ ಏಳು ಜನ ಹೊರಟಿರುತ್ತೇವೆ. ಎಲ್ಲಕ್ಕಿಂತ ಮಿಗಿಲಾಗಿ, ಅಮ್ಮ ಹೇಳಿದ ಮಾತು: "ಮಗುವನ್ನು ಕಟ್ಟಿ ಹಾಕಿ ಕರಕೊಂಡು ಹೋಗುವುದಾ? ಅದು ಕೂಗಿದರೆ ನೋಡ್ತಾ ಕೂರುವುದಾ?"

ಆ ಕೊನೆಯ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೂಸಿಗೆ ಸಮಾಧಾನ ಸಿಗುವ ಜಾಗ ತೊಡೆಯೇ. ಆದರೆ ಕೂಸಿನ ಜೀವ ಉಳಿಯುವ ಜಾಗ ಅದಲ್ಲ. ಈ ಎರಡು ಯಾಕೆ ಒಂದೇ ಕಡೆ ಇಲ್ಲ?

ದೇವನಹಳ್ಳಿ, ವಿಮಾನ ನಿಲ್ದಾಣ

ಇನ್ನೊಂದು ಸಲ ವಿಮಾನದಲ್ಲಿ ಹೊರಟೆವು. ಸೆಕ್ಯುರಿಟಿ ಚೆಕ್ಕಿನಲ್ಲಿ ದೊಡ್ಡವರ ನೀರಿನ ಬಾಟಲಿ ತೊಟ್ಟಿಗೆ ಹೋಗುತ್ತದೆ, ಕೂಸಿನ ಹಾಲಿನ ಬಾಟಲಿ ದಾಟಿ ಹೋಗುತ್ತದೆ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಹಲವು ದೇಶಗಳಿಗೆ ಹಬ್ಬಿದ 100 ಮಿಲಿಲೀಟರ್ ನಿಯಮಕ್ಕೆ ಮಕ್ಕಳ ಆಹಾರ ಹೊರತು. ರಾಗಿ ಸರಿಯ ಡಬ್ಬಿ ತೆಗೆದು ನೋಡಿದ ಸಿಬ್ಬಂದಿಯ ಮುಖದಲ್ಲಿ ಗುರುತಿನ ನಗು ಬಂತು. ಅವರ ಮನೆಯಲ್ಲೂ ಒಂದು ಕೂಸಿದೆಯೋ ಏನೋ.

ವಿಮಾನದೊಳಗೆ ಎರಡು ವರ್ಷ ತುಂಬದವರಿಗೆ ಸ್ವಂತ ಸೀಟು ಬೇಕಿಲ್ಲ. ಇಲ್ಲೂ ತೊಡೆಯೇ. ಗಗನಸಖಿ ಒಂದು ಚಿಕ್ಕ ಬೆಲ್ಟು ತಂದುಕೊಟ್ಟು, ತಾಯಿಯ ಬೆಲ್ಟಿಗೆ ಅದರ ಕುಣಿಕೆ ಪೋಣಿಸಿ ಕೂಸಿನ ಹೊಟ್ಟೆಗೆ ಸುತ್ತಿಸುತ್ತಾಳೆ. ಟೇಕಾಫ್, ಲ್ಯಾಂಡಿಂಗಿನಲ್ಲಿ ಅಮೆರಿಕ ಇದೇ ಬೆಲ್ಟನ್ನು ನಿಷೇಧಿಸಿದೆ, ಏಕೆಂದರೆ ಅಪ್ಪಳಿಸಿದಾಗ ತಾಯಿಯ ಮೈ ಮುಂದಕ್ಕೆ ಮಡಚಿ ಕೂಸು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಭಯ. ಯುರೋಪಿನಲ್ಲಿ ತೊಡೆಯ ಕೂಸಿಗೆ ಬೆಲ್ಟು ಇರಲೇಬೇಕು. ಕೂಸು ಒಂದೇ, ವಿಮಾನ ಒಂದೇ, ತೀರ್ಮಾನ ಎರಡು. ಲ್ಯಾಪ್‌ಟಾಪನ್ನಾದರೆ ಎರಡೂ ಕಡೆ ತೊಡೆಯಿಂದ ತೆಗೆದು ಒಳಗಿಡಿಸುತ್ತಾರೆ.

ಸೂ ಸಿಟಿ, 1989

ಇದು ನಾನು ಕಂಡದ್ದಲ್ಲ, ಓದಿದ್ದು. ಆದರೂ ಈ ಟಿಪ್ಪಣಿಗಳಿಂದ ಹೊರಗಿಡಲಾಗದು.

1989ರ ಜುಲೈ 19ರಂದು ಡೆನ್ವರಿನಿಂದ ಶಿಕಾಗೋಗೆ ಹೊರಟಿದ್ದ ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಒಡೆದು, ವಿಮಾನವನ್ನು ನಿಯಂತ್ರಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಯಿತು. ಪೈಲಟ್ಟುಗಳು ಹೇಗೋ ಅದನ್ನು ಅಯೋವಾ ರಾಜ್ಯದ ಸೂ ಸಿಟಿಯವರೆಗೆ ತಂದರು. ಒಳಗಿದ್ದ 296 ಜನರಲ್ಲಿ 184 ಜನ ಬದುಕಿದರು. ತೊಡೆಯ ಮೇಲೆ ಬಂದಿದ್ದ ಕೂಸುಗಳು ನಾಲ್ಕು. ಮುಖ್ಯ ಗಗನಸಖಿ ಜಾನ್ ಬ್ರೌನ್ ಅವರು ಆಗಿನ ಕೈಪಿಡಿಯಲ್ಲಿ ಇದ್ದಂತೆ, ಕೂಸುಗಳನ್ನು ನೆಲದ ಮೇಲಿಟ್ಟು ಸುತ್ತ ಮೆತ್ತನೆಯದು ತುಂಬಿ ಹಿಡಿದುಕೊಳ್ಳಿ ಎಂದು ತಾಯಂದಿರಿಗೆ ಹೇಳಿದರು. ಬೇರೆ ದಾರಿ ಯಾವುದೂ ಇರಲಿಲ್ಲ. ನಾಲ್ವರಲ್ಲಿ ಇಪ್ಪತ್ತೆರಡು ತಿಂಗಳ ಒಂದು ಕೂಸು ಉಳಿಯಲಿಲ್ಲ. ಉರಿಯುವ ವಿಮಾನದ ಹೊರಗೆ, ಮಗುವನ್ನು ಹುಡುಕಿಕೊಂಡು ಮತ್ತೆ ಒಳಗೆ ಹೋಗಲು ಬಂದ ತಾಯಿಯನ್ನು ಜಾನ್ ಬ್ರೌನ್ ಅವರೇ ತಡೆಯಬೇಕಾಯಿತು. ಆಮೇಲೆ ಅವರು ಪ್ರತಿ ಕೂಸಿಗೂ ಸೀಟು ಬೇಕು ಎಂದು ದಶಕಗಳ ಕಾಲ ಅಮೆರಿಕದ ಸಂಸತ್ತಿನವರೆಗೆ ಹೋಗಿ ಕೇಳಿದರು. ಅಪಘಾತಗಳ ತನಿಖೆ ನಡೆಸುವ ಎನ್‌ಟಿಎಸ್‌ಬಿ ಕೂಡ ಅದನ್ನೇ ಶಿಫಾರಸು ಮಾಡಿತು.

ನಿಯಮ ಬರಲಿಲ್ಲ. ವಿಮಾನಯಾನ ಆಡಳಿತವಾದ ಎಫ್‌ಎಎ ಕೊಟ್ಟ ಕಾರಣವನ್ನು ಓದಿ ನಾನು ಬಹಳ ಹೊತ್ತು ಯೋಚಿಸುತ್ತ ಕೂತೆ. ಕೂಸಿಗೂ ಟಿಕೆಟ್ ಕೊಳ್ಳಬೇಕೆಂದರೆ ಕೆಲವು ಕುಟುಂಬಗಳಿಗೆ ಅದು ದುಬಾರಿಯಾಗಿ, ವಿಮಾನ ಬಿಟ್ಟು ಕಾರಿನಲ್ಲಿ ಹೊರಡುತ್ತಾರೆ. ರಸ್ತೆ ವಿಮಾನಕ್ಕಿಂತ ಎಷ್ಟೋ ಪಾಲು ಅಪಾಯದ್ದು. ಆಕಾಶದಲ್ಲಿ ಉಳಿಸಿದ ಜೀವಕ್ಕಿಂತ ರಸ್ತೆಯಲ್ಲಿ ಹೋಗುವ ಜೀವ ಹೆಚ್ಚಾದೀತು. 1995ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಹೀಗೆ ವಾದಿಸಿದ ಎಫ್‌ಎಎ, 2005ರಲ್ಲಿ ನಿಯಮದ ಪ್ರಸ್ತಾಪವನ್ನೇ ಕೈಬಿಟ್ಟಿತು. ಸ್ವಂತ ಸೀಟೇ ಅತ್ಯಂತ ಸುರಕ್ಷಿತ ಎಂದು ಮಾತ್ರ ಇವತ್ತಿಗೂ ಪೋಷಕರಿಗೆ ಹೇಳುತ್ತದೆ.

ಆ ವಾದದಲ್ಲಿ ಸುಳ್ಳಿಲ್ಲ. ಆದರೆ ಅದು ಒಟ್ಟು ಮಕ್ಕಳ ಲೆಕ್ಕ. ಜಾನ್ ಬ್ರೌನ್ ಎದುರಿಗೆ ನಿಂತಿದ್ದದ್ದು ಒಬ್ಬ ತಾಯಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬಗೆ ನನಗಂತೂ ಕಾಣುತ್ತಿಲ್ಲ. ಟಿಕೆಟ್ಟಿನ ದರವನ್ನೇ ಇಳಿಸಿ ಕೂಸಿಗೆ ಸೀಟು ಕೊಟ್ಟರೆ ಯಾವ ಕುಟುಂಬವೂ ರಸ್ತೆಗೆ ಇಳಿಯಬೇಕಿಲ್ಲ ಎಂಬುದು ಮಾತ್ರ ಕಾಣುತ್ತದೆ.

ಬಜ್ಪೆ, ಇಳಿಯುವಾಗ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನ ಹತ್ತಿ ಸರಿಯಾಗಿ ಕೂತೆವೋ ಇಲ್ಲವೋ ಇಳಿಯುವ ಹೊತ್ತು. ಆಗ ಮೂರು ಸಾಲು ಹಿಂದಿನಿಂದ ಒಂದು ಅಳು ಶುರುವಾಯಿತು. ಹಸಿವಿನದಲ್ಲ, ಹಟದ್ದಲ್ಲ, ಕಿರುಚಾಟ. ಎಳೆಯ ತಾಯಿ ಕಂಗಾಲಾಗಿ ಗಿಲಕಿ ಆಡಿಸುತ್ತಿದ್ದಳು. ಪಕ್ಕದ ಸಾಲಿನ ಹಿರಿಯ ಹೆಂಗಸು ಬಗ್ಗಿ ಹೇಳಿದರು: "ಕಿವಿ ಕಟ್ಟಿದ್ದದು ಮಗಳೇ. ಹಾಲು ಕೊಡು. ನುಂಗಿದರೆ ಸರಿಯಾಗ್ತದೆ." ಕೊಟ್ಟಳು. ನಾಲ್ಕು ಗುಟುಕಿಗೆ ಅಳು ನಿಂತಿತು.

ಕಿವಿಯಿಂದ ಗಂಟಲಿಗೆ ಇಳಿಯುವ ಸಣ್ಣ ಕೊಳವೆ ಮಕ್ಕಳಲ್ಲಿ ಗಿಡ್ಡ, ಕಿರಿದು, ಹೆಚ್ಚು ಅಡ್ಡಡ್ಡ. ಮೇಲೇರುವಾಗ ಒಳಗಿನ ಗಾಳಿ ತಾನಾಗಿ ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಿ ಕೊಳವೆಯ ಬಾಯಿ ಮುಚ್ಚಿಕೊಳ್ಳುತ್ತದೆ, ನುಂಗಿದಾಗ ತೆರೆಯುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಅದಕ್ಕೇ ಮಲಗಿದ ಕೂಸಿಗೂ ನೋವು. ವಿಮಾನದೊಳಗಿನ ಗಾಳಿ ಹೆಚ್ಚೆಂದರೆ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ. ಬೆಂಗಳೂರು ನಿಲ್ದಾಣವೇ 900 ಮೀಟರಿಗೂ ಎತ್ತರದಲ್ಲಿದೆ, ಮಂಗಳೂರಿನ ಬಜ್ಪೆ ನಿಲ್ದಾಣ ನೂರರ ಆಸುಪಾಸು. ಹಾಗಾಗಿ ಅದೇ ವಿಮಾನ, ಅದೇ ಕೂಸು, ಕರಾವಳಿಗೆ ಇಳಿಯುವಾಗ ಕಿವಿಗೆ ಬೀಳುವ ಭಾರ ಬೆಂಗಳೂರಿಗೆ ಇಳಿಯುವಾಗಿನದಕ್ಕಿಂತ ಹೆಚ್ಚು. ಇದನ್ನು ಲೆಕ್ಕ ಹಾಕಿ ನೋಡುವವರೆಗೆ ನನಗೆ ಹೊಳೆದಿರಲಿಲ್ಲ.

ಸಮಾಧಾನದ ಜಾಗ, ಉಳಿಯುವ ಜಾಗ ಎಂಬ ಗಂಟು ಇಲ್ಲಿ ಇನ್ನೂ ಬಿಗಿಯಾಯಿತು. ವಿಮಾನ ಇಳಿಯುವ ಹೊತ್ತೇ ಕೂಸು ತನ್ನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಇರಬೇಕಾದ ಹೊತ್ತು. ಕಿವಿನೋವಿಗೆ ಅದು ತಾಯಿಯ ಎದೆಗೆ ಅಂಟಿಕೊಂಡು ಇರಬೇಕಾದ ಹೊತ್ತೂ ಅದೇ. ಬಾಟಲಿಯೋ, ಚಮಚದಲ್ಲಿ ನೀರೋ ಕೊಟ್ಟು ಸೀಟಿನಲ್ಲೇ ಸಂಭಾಳಿಸಬಹುದು, ಬಾಟಲಿ ಒಪ್ಪುವ ಕೂಸಾದರೆ.

ಮಂಗಳೂರು, ಬಟ್ಟೆ ಅಂಗಡಿಯ ಮುಂದೆ

ನಿಲ್ಲಿಸಿದ ಕಾರಿನಲ್ಲಿ ಮಲಗಿದ ಮಗು, ಗಾಜು ಎರಡು ಬೆರಳು ಇಳಿಸಿದೆ. ಎಬ್ಬಿಸುವುದು ಯಾಕೆ, ಐದೇ ನಿಮಿಷ, ಎಂದು ಹೆತ್ತವರು ಅಂದುಕೊಂಡಿರಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಬಿಸಿ ಏರುವುದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದೆ. ಗಾಜು ಸ್ವಲ್ಪ ಇಳಿಸಿದ್ದರಿಂದ ಹೆಚ್ಚೇನೂ ಬದಲಾಗುವುದಿಲ್ಲ ಎಂದು ಅಮೆರಿಕದ ವೈದ್ಯರು 2005ರಲ್ಲೇ ಅಳೆದು ತೋರಿಸಿದ್ದಾರೆ. ದೊಡ್ಡವರ ಮೈಗಿಂತ ಮಗುವಿನ ಮೈ ಎಷ್ಟೋ ಬೇಗ ಕಾಯುತ್ತದೆ. ಅಂಗಡಿಯ ಕಾವಲುಗಾರರಿಗೆ ಹೇಳಿದೆ. ಅವರು ಮೈಕಿನಲ್ಲಿ ಕಾರಿನ ನಂಬರು ಕೂಗಿಸಿದರು, ತಂದೆ ಓಡಿ ಬಂದರು. ನಿದ್ದೆಗೆಟ್ಟ ಮಗು ಜೋರಾಗಿ ಅತ್ತಿತು, ಅಳಲಿ.

ಹಾಸನ ದಾಟಿ, ರಾತ್ರಿ

"ಮಾವ, ಚಂದ್ರ ನಮ್ಮ ಕಾರಿನ ಹಿಂದೆಯೇ ಬರ್ತಿದ್ದಾನೆ. ಅವನಿಗೂ ಬೆಂಗಳೂರಿಗಾ?" ತೆಂಗಿನ ಮರಗಳು ಹಿಂದಕ್ಕೆ ಓಡುತ್ತವೆ, ದೂರದ ಗುಡ್ಡ ನಿಧಾನಕ್ಕೆ ಸರಿಯುತ್ತದೆ, ಚಂದ್ರ ಮಾತ್ರ ಕದಲದೆ ಜೊತೆಗಿರುತ್ತಾನೆ. ಅಷ್ಟು ದೂರದ್ದು ನಮ್ಮ ಓಟಕ್ಕೆ ಸರಿಯುವುದಿಲ್ಲ ಎಂಬುದು ದೊಡ್ಡವರ ಉತ್ತರ. ಚಂದ್ರ ತಮ್ಮ ಬೆನ್ನ ಹಿಂದೆ ಬರುತ್ತಾನೆ ಎಂದು ಜಿನೀವಾದ ಮಕ್ಕಳೂ ಹೇಳುತ್ತಿದ್ದುದನ್ನು ಅದೇ ಪಿಯಾಜೆ ಬರೆದಿಟ್ಟಿದ್ದಾರೆ. ನಮ್ಮ ಕಣ್ಣಿಗೂ ಅದು ಹಾಗೇ ಕಾಣಬೇಕಲ್ಲ? ಇವನು ಕೇಳುವವರೆಗೆ ನಾನು ಚಂದ್ರನ ಕಡೆ ನೋಡಿಯೇ ಇರಲಿಲ್ಲ.

ಮನೆಯ ಅಂಗಳ

ಕೊನೆಗೆ ಕೂಸಿನ ಸೀಟು ಬಂತು. ಭಾವ ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಜಾಗಕ್ಕೂ ಒರಗುವ ಜಾಗಕ್ಕೂ ನಡುವಿನ ಸಂದಿಗೆ ಬೆರಳು ತೂರಿಸಿ ತಡಕಿದರು. ಒಳಗೆ ಎರಡು ಕಬ್ಬಿಣದ ಕೊಂಡಿ. ಸೀಟು ಸಿಕ್ಕಿಸಲೆಂದೇ ಇಟ್ಟ ಐಸೋಫಿಕ್ಸ್ ಕೊಂಡಿಗಳು. ಕಾರು ಕೊಂಡ ದಿನದಿಂದ ಅಲ್ಲೇ ಇದ್ದವು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೂ ಮೊದಲು ಸೀಟನ್ನು ಒಂದಷ್ಟು ದಿನ ನಡುಮನೆಯಲ್ಲೇ ಇಟ್ಟಿದ್ದರು. ಕೂಸು ಅದರಲ್ಲಿ ಕೂತು ರಾಗಿ ಸರಿ ತಿಂದಳು, ಅಣ್ಣ ತನ್ನ ಕರಡಿಯನ್ನು ಕೂರಿಸಿ ಬೆಲ್ಟು ಹಾಕಿದ. ಕಾರಿನಲ್ಲಿ ಮೊದಲ ಸಲ ಕೂರಿಸಿದಾಗ ಅತ್ತಳು. ಅಮ್ಮ ಪಕ್ಕದಲ್ಲೇ ಕೂತು, ಬೆಲ್ಟಿನ ಕೆಳಗೆ ಕೈ ತೂರಿಸಿ ಹೊಟ್ಟೆಯ ಮೇಲಿಟ್ಟು, ತೊಡೆಯ ಮೇಲೆ ಹಾಕಿ ತಟ್ಟುವ ಅದೇ ಲಯದಲ್ಲಿ ತಟ್ಟಿದರು. ಬೇಲೂರಿನ ಹತ್ತಿರ ಅಳು ನಿಂತಿತು. ಒಂದು ದಾರಿ ಸಿಕ್ಕ ಹಾಗಾಯಿತು. ಎಲ್ಲ ಕೂಸಿಗೂ ಇದು ಸಾಕೇ ಎಂದರೆ ಹೇಳಲಾರೆ.

ಆದರೆ ಸೀಟು ಒಬ್ಬರ ಜಾಗ ತಿನ್ನುತ್ತದೆ. ತಂಗಿ, ಭಾವ, ಅಮ್ಮ, ಎರಡು ಮಕ್ಕಳು, ಅಲ್ಲಿಗೆ ಕಾರು ತುಂಬಿತು. ಮುಂದಿನ ಸಲ ಊರಿಂದ ವಾಪಸು ಬರುವಾಗ ಉಜಿರೆಯಿಂದ ರಾತ್ರಿ ಬಸ್ಸು ಎಷ್ಟು ಹೊತ್ತಿಗೆ ಎಂದು ಅಮ್ಮ ಆಗಲೇ ವಿಚಾರಿಸಿ ಇಟ್ಟಿದ್ದಾರೆ, ನನಗಾಗಿ.